ಸೂತಕ ಬೇಡ, ಕೊಳೆಯೂ ಬೇಡ



ಕಳೆದ ತಿಂಗಳ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಸಾಲು ಕೂತಾಗ ಹುಡುಗಿಯೊಬ್ಬಳು ನನ್ನ ಪಕ್ಕಕ್ಕೆ ಬಂದು ಕೂತಳು. ಶ್ರೀಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಪಿಯುಸಿ ಮುಗಿಸಿದವಳು. ಈಗ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಎಲೆಯ ಮೇಲೆ ಹುಗ್ಗಿ ಆರುತ್ತಿದ್ದರೂ ಕೈ ಹಚ್ಚಲಿಲ್ಲ. "ಅಕ್ಕಾರ, ನಾ ಈ ಓದು ಬಿಡಬೇಕಂತ ಮಾಡೀನ್ರಿ" ಅಂದಳು.

ಕಾರಣ ಕೇಳಿದೆ. ವಾರ್ಡಿನಲ್ಲಿ ಗಾಯ ಕಟ್ಟುವಾಗ ಹಾಕಿಕೊಂಡ ಗ್ಲೌಸ್ ತೆಗೆಯದೆ, ಅದೇ ಕೈಯಲ್ಲಿ ಮುಂದಿನ ಮಂಚದ ರೋಗಿಯ ಗಾಯ ಬಿಚ್ಚುತ್ತಾರಂತೆ. "ಗ್ಲೌಸ್ ಬದಲಿ ಮಾಡೂದೇನ್ರಿ ಸಿಸ್ಟರ್ ಅಂತ ಕೇಳಿದ್ದಕ್ಕ, ನಿನ್ನ ಪುಸ್ತಕ ಹಾಸ್ಟೆಲಿನಾಗ ಇಟ್ಟು ಬಾ ಅಂತ ಎಲ್ಲಾರ ಮುಂದ ಬೈದ್ರು. ಅವತ್ತಿನಿಂದ ನಂಗ ಬರೀ ರಾತ್ರಿ ಪಾಳಿ ಹಾಕ್ಯಾರ" ಎಂದಳು.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಕೊಡಲು ಆಗಲಿಲ್ಲ. ಅವಳು ಹೇಳಿದ್ದು ನನಗೆ ಹೊಸದಾಗಿರಲಿಲ್ಲ. ಈ ಪತ್ರಿಕೆಯ ಓದುಗರಲ್ಲಿ ಹಲವರಿಗೆ ತಿಳಿದಂತೆ, ಸಂಪಾದಕತ್ವಕ್ಕೆ ಬರುವ ಮುಂಚೆ ನಾನು ಬಹುಕಾಲ ನರ್ಸ್ ಆಗಿದ್ದವಳು. 1988ರಲ್ಲಿ ತರಬೇತಿಗೆ ಸೇರಿದೆ. ಆಗ ಕಂಡದ್ದನ್ನು ಇದುವರೆಗೆ ಎಲ್ಲಿಯೂ ಬರೆದಿಲ್ಲ. ಆ ಹುಡುಗಿಯ ಮುಂದೆ ಮೌನವಾಗಿ ಕೂತಾಗ, ನನ್ನ ಮೌನವೂ ಅವಳ ಕಷ್ಟದಲ್ಲಿ ಪಾಲುದಾರ ಎನ್ನಿಸಿತು. ಅದಕ್ಕೆ ಈ ಸಲದ ಸಂಪಾದಕೀಯ.

ತರಗತಿಯಲ್ಲಿ ನಮ್ಮ ಟ್ಯೂಟರ್ ಎಲ್ಲವನ್ನೂ ಸರಿಯಾಗಿಯೇ ಕಲಿಸಿದ್ದರು. ವಾರ್ಡಿಗೆ ಕಾಲಿಟ್ಟ ಮೊದಲ ವಾರವೇ ಪುಸ್ತಕದ ನರ್ಸಿಂಗ್ ಬೇರೆ, ವಾರ್ಡಿನ ನರ್ಸಿಂಗ್ ಬೇರೆ ಎಂದು ಗೊತ್ತಾಯಿತು. ಬೆಳಿಗ್ಗೆ ಒಂದು ಬೋಗುಣಿಯಲ್ಲಿ ಔಷಧ ನೀರು ಕಲಸಿ ಇಡುತ್ತಿದ್ದರು. ಗಾಯ ಕಟ್ಟಿದವರೆಲ್ಲ ಅದರಲ್ಲೇ ಕೈ ಅದ್ದಬೇಕು. ಮಧ್ಯಾಹ್ನದ ಹೊತ್ತಿಗೆ ಆ ನೀರು ಅಕ್ಕಿ ತೊಳೆದ ನೀರಿನಂತಾಗಿರುತ್ತಿತ್ತು. ಒಂದೇ ಥರ್ಮಾಮೀಟರ್ ಬಾಯಿಂದ ಬಾಯಿಗೆ ಹೋಗುತ್ತಿತ್ತು, ನಡುವೆ ಒದ್ದೆ ಹತ್ತಿಯಿಂದ ಒಮ್ಮೆ ಒರೆಸಿದರೆ ಮುಗಿಯಿತು. ಆಗ ಗಾಜಿನ ಸಿರಿಂಜುಗಳ ಕಾಲ. ಕುದಿಸುವ ಪಾತ್ರೆಯ ಮುಚ್ಚಳ ಹತ್ತು ಸಲ ತೆಗೆದು, ಕುದಿಯುತ್ತಿದ್ದ ನೀರಿಗೇ ಬಳಸಿದ ಸಿರಿಂಜು ಹಾಕಿ, ಎರಡು ನಿಮಿಷಕ್ಕೆ ಹೊರತೆಗೆಯುವುದನ್ನು ಕಂಡಿದ್ದೇನೆ. ತಪಾಸಣೆಗೆ ಮೇಲಿನವರು ಬರುವ ದಿನ ಮಾತ್ರ ಬೀರುವಿನಿಂದ ಹೊಸ ಚಾದರ, ಹೊಸ ಸಾಬೂನು ಹೊರಬರುತ್ತಿದ್ದವು. ಅವರ ಜೀಪು ಗೇಟು ದಾಟಿದ ಮೇಲೆ ಮತ್ತೆ ಬೀರು ಸೇರುತ್ತಿದ್ದವು.

ಹೆರಿಗೆ ಕೋಣೆಯ ಮಾತು ಬರೆಯಲು ಕೈ ಹಿಂಜರಿಯುತ್ತದೆ. ನೋವು ತಿನ್ನುತ್ತಿರುವ ಹೆಣ್ಣುಮಗಳಿಗೆ ತೊಡೆಯ ಮೇಲೆ ಹೊಡೆಯುವುದು, ಗಂಡನ ಹತ್ತಿರ ಹೋಗುವಾಗ ಈ ಕೂಗು ಇತ್ತೇನು ಎಂದು ಹಂಗಿಸುವುದು ದಿನನಿತ್ಯದ ಮಾತಾಗಿತ್ತು. ಗಂಡು ಮಗುವಾದರೆ ಒಂದು ದರ, ಹೆಣ್ಣಾದರೆ ಇನ್ನೊಂದು ದರ. ಹಣ ಕೈಗೆ ಬರುವವರೆಗೆ ಮಗುವನ್ನು ಹೊರಗೆ ತೋರಿಸುತ್ತಿರಲಿಲ್ಲ. ಇನ್ನೂ ಒಂದಿದೆ. ಚೀಟಿಯ ಮೇಲಿನ ಹೆಸರು, ಊರು, ಓಣಿ ನೋಡಿ ಜಾತಿ ಲೆಕ್ಕ ಹಾಕಿ, ಕೆಲವರಿಗೆ ಮಾತ್ರೆಯನ್ನು ಮೇಲಿನಿಂದ ಅಂಗೈಗೆ ಉದುರಿಸುತ್ತಿದ್ದವರನ್ನು ಕಂಡಿದ್ದೇನೆ. ಹೀಗೆ ಉದುರಿಸುತ್ತಿದ್ದವರಲ್ಲಿ ಹಣೆಗೆ ವಿಭೂತಿ ಧರಿಸಿದವರೂ ಇದ್ದರು ಎಂಬುದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಬೇರೆಯವರ ತಪ್ಪು ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ಬಾಣಂತಿಯರ ವಾರ್ಡಿನಲ್ಲಿ ಒಂದು ರಾತ್ರಿ ಪಾಳಿ. ಎರಡು ವಾರ್ಡಿಗೆ ಒಬ್ಬರೇ ಸ್ಟಾಫ್ ಸಿಸ್ಟರ್. ನಾವು ಇಬ್ಬರು ವಿದ್ಯಾರ್ಥಿನಿಯರು. ಬೆಳಗಿನ ಐದೂವರೆಗೆ ಎಲ್ಲರ ಜ್ವರ, ನಾಡಿ ನೋಡಿ ಬರೆಯಬೇಕು. ಸಿಸ್ಟರ್ ಆಕಳಿಸುತ್ತ, "ಎಲ್ಲಾರಿಗೂ 98.4 ಬರಿ, ನಾಡಿ 80 ಹಾಕು" ಎಂದರು. ಬರೆದೆ. ಮೂವತ್ತಕ್ಕೂ ಹೆಚ್ಚು ಚೀಟಿಗಳ ಮೇಲೆ ಒಂದೇ ಅಂಕಿ ಬರೆದೆ. ಕಿಟಕಿಯ ಪಕ್ಕದ ಮಂಚದಲ್ಲಿ ಸಿಜೇರಿಯನ್ ಆಗಿ ಮೂರನೇ ದಿನದ ಬಾಣಂತಿ ಇದ್ದಳು. ಡಾಕ್ಟರು ರೌಂಡ್ಸಿಗೆ ಬಂದರು, ಚೀಟಿ ನೋಡಿದರು, ಮುಂದೆ ಹೋದರು. ಮರುದಿನ ಸಂಜೆ ಆಕೆಗೆ ನಡುಕದ ಜ್ವರ ಬಂತು. ಬಿಚ್ಚಿ ನೋಡಿದರೆ ಹೊಲಿಗೆಯ ತುಂಬ ಕೀವು.

ಆಕೆ ಬದುಕಿದಳು. ಆದರೆ ಮೂರು ವಾರ ಹೆಚ್ಚಿಗೆ ಮಲಗಬೇಕಾಯಿತು. ಮಗುವಿಗೆ ಹಾಲು ಕಡಿಮೆಯಾಯಿತು. ಔಷಧದ ಖರ್ಚಿಗೆ ಗಂಡ ಜೋಡಿ ಎತ್ತಿನಲ್ಲಿ ಒಂದನ್ನು ಮಾರಿದ. ಮನೆಗೆ ಹೋಗುವ ದಿನ ಒಂದು ಚಿಪ್ಪು ಬಾಳೆಹಣ್ಣು ತಂದು ನನ್ನ ಕೈಗಿಟ್ಟು, "ಭಾಳ ಚಲೋ ನೋಡಿಕೊಂಡ್ರಿ ತಂಗಿ" ಎಂದ. ಆ ಮುಂಜಾನೆ ಆಕೆಗೆ ಜ್ವರವಿತ್ತೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ನನ್ನ ತಪ್ಪು. ನಾನು ಆಕೆಯನ್ನು ಮುಟ್ಟಿಯೇ ನೋಡಿರಲಿಲ್ಲ.

ಬಂಧುಗಳೇ, ನಮ್ಮ ಧರ್ಮ ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳನ್ನು ತಿರಸ್ಕರಿಸಿದೆ. ಆಸ್ಪತ್ರೆಯ ವಾರ್ಡು ಈ ಐದೂ ಒಂದೇ ಸೂರಿನಡಿ ಸೇರುವ ಜಾಗ. ಅಲ್ಲಿ ಹುಟ್ಟು, ಸಾವು, ರಕ್ತ, ಎಂಜಲು, ಎಲ್ಲ ಜಾತಿಯ ಮೈ ಇವೆ. ಸೂತಕವಿಲ್ಲ ಎಂಬ ಮಾತಿಗೆ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ. ಆದರೆ ನಾನು ಕಂಡದ್ದು ತಿರುಗುಮುರುಗು. ಮೈಲಿಗೆಯ ಭಯದಿಂದ ರೋಗಿಯನ್ನು ಮುಟ್ಟದೆ ಮಾತ್ರೆ ಉದುರಿಸುವವರೇ, ಕೀವು ಮುಟ್ಟಿದ ಕೈಯನ್ನು ತೊಳೆಯದೆ ಇನ್ನೊಬ್ಬ ರೋಗಿಯ ಗಾಯಕ್ಕೆ ಹಚ್ಚುತ್ತಿದ್ದರು. ಇಲ್ಲದ ಮೈಲಿಗೆಗೆ ಅಂಜಿದರು, ಇರುವ ಕೊಳೆಗೆ ಅಂಜಲಿಲ್ಲ. ಮೈಲಿಗೆ ಮನುಷ್ಯನ ಹುಟ್ಟನ್ನು ನೋಡುತ್ತದೆ, ಸೋಂಕು ಹುಟ್ಟನ್ನು ನೋಡುವುದಿಲ್ಲ. ಮೈಲಿಗೆ ನಂಬುವವನು ತನ್ನನ್ನು ಕಾಪಾಡಿಕೊಳ್ಳಲು ದೂರ ನಿಲ್ಲುತ್ತಾನೆ. ಕೈ ತೊಳೆಯುವವನು ಎದುರಿಗಿರುವವನನ್ನು ಕಾಪಾಡಲು ತೊಳೆಯುತ್ತಾನೆ, ತೊಳೆದು ಹತ್ತಿರ ಬರುತ್ತಾನೆ. ಸೂತಕ ಬಿಟ್ಟೆವು ಎಂದು ಶುಚಿಯನ್ನೂ ಬಿಟ್ಟರೆ ಶರಣರ ಮಾತನ್ನು ಅರ್ಧ ಕೇಳಿಸಿಕೊಂಡಂತೆ.

ಕೈ ತೊಳೆಯುವುದು ಸಣ್ಣ ಮಾತು ಎನ್ನುವವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲಿಯೇ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಹೆಣ ಕೊಯ್ಯುವ ಕೋಣೆಯಿಂದ ಬಂದ ಕೈಗಳೇ ನಂಜು ತರುತ್ತಿವೆ ಎಂದು ಸೆಮ್ಮೆಲ್‌ವೈಸ್ ಎಂಬ ವೈದ್ಯ 1847ರಲ್ಲಿ ಗುರುತಿಸಿದ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಕಟ್ಟುಮಾಡಿದ. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18ರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಆದರೂ ದೊಡ್ಡ ವೈದ್ಯರು ಒಪ್ಪಲಿಲ್ಲ. ತಮ್ಮ ಕೈ ಕೊಳೆ ಎಂದರೆ ಅವರಿಗೆ ಅವಮಾನವಾಯಿತು. ಸೆಮ್ಮೆಲ್‌ವೈಸ್ 1865ರಲ್ಲಿ ಮಾನಸಿಕ ಚಿಕಿತ್ಸಾಲಯದಲ್ಲಿ ತೀರಿಹೋದ. ನಮ್ಮ ಹುಡುಗಿಗೆ ಸಿಕ್ಕ ಬೈಗುಳ ಇಂದು ನಿನ್ನೆಯದಲ್ಲ.

ಇಂದು ನಿಯಮಗಳಿಗೆ ಕೊರತೆಯಿಲ್ಲ. ರೋಗಿಯನ್ನು ಮುಟ್ಟುವ ಮುನ್ನ, ಗಾಯ ಕಟ್ಟುವಂಥ ಶುದ್ಧ ಕೆಲಸಕ್ಕೆ ಮುನ್ನ, ರಕ್ತ ಕೀವು ಮುಟ್ಟಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಮಂಚ ಸಾಮಾನು ಮುಟ್ಟಿದ ಮೇಲೆ, ಹೀಗೆ ಐದು ಹೊತ್ತಿನಲ್ಲಿ ಕೈ ಶುಚಿ ಮಾಡಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಸಾಬೂನಿನಿಂದಾದರೆ 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರಾವಣದಿಂದಾದರೆ 20ರಿಂದ 30 ಸೆಕೆಂಡು ಸಾಕು. ಗ್ಲೌಸ್ ಹಾಕಿಕೊಂಡರೆ ಕೈ ತೊಳೆಯಬೇಕಿಲ್ಲ ಎಂಬುದು ತಪ್ಪು. ಗ್ಲೌಸ್ ಬದಲಿಸದಿದ್ದರೆ ಅದು ಹಾಕಿಕೊಂಡವರನ್ನು ಕಾಯುತ್ತದೆಯೇ ಹೊರತು ರೋಗಿಯನ್ನಲ್ಲ. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳು ರಕ್ತ ಮೆತ್ತಿದ ಬಟ್ಟೆ ಹತ್ತಿಗೆ ಹಳದಿ, ನಳಿಕೆ ಗ್ಲೌಸ್‌ಗಳಿಗೆ ಕೆಂಪು, ಸೂಜಿ ಬ್ಲೇಡುಗಳಿಗೆ ಚುಚ್ಚದ ಬಿಳಿ ಡಬ್ಬಿ, ಗಾಜಿಗೆ ನೀಲಿ ಎಂದು ಬೇರೆ ಬೇರೆ ಬಣ್ಣ ಗೊತ್ತುಮಾಡಿವೆ. ಸರಕಾರಿ ಆಸ್ಪತ್ರೆಗಳ ಸ್ವಚ್ಛತೆಗಾಗಿ ಕೇಂದ್ರ ಸರಕಾರ 2015ರಲ್ಲಿ ಕಾಯಕಲ್ಪ ಎಂಬ ಯೋಜನೆಯನ್ನೇ ತಂದಿತು. ಗೋಡೆಯ ಮೇಲೆ ಚಿತ್ರಗಳು ಅಂಟಿವೆ. ಆದರೆ ವಿದ್ಯಾರ್ಥಿ ಕಲಿಯುವುದು ಗೋಡೆ ನೋಡಿ ಅಲ್ಲ, ಹಿರಿಯರ ಕೈ ನೋಡಿ.

ಎಲ್ಲ ತಪ್ಪನ್ನೂ ನರ್ಸುಗಳ ಮೇಲೆ ಹೊರಿಸುವುದು ನನ್ನ ಉದ್ದೇಶವಲ್ಲ. ನನಗೆ 98.4 ಬರೆಯಲು ಹೇಳಿದ ಆ ಸಿಸ್ಟರ್ ಕೆಟ್ಟವರಾಗಿರಲಿಲ್ಲ. ಎರಡು ವಾರ್ಡು ಒಬ್ಬರ ಮೇಲೆ ಬಿದ್ದರೆ ಯಾರ ಕೈಯಲ್ಲಿ ಏನಾದೀತು? ನಲ್ಲಿಯಲ್ಲಿ ನೀರಿಲ್ಲದ ವಾರ್ಡಿನಲ್ಲಿ ಕೈ ತೊಳೆ ಎಂದು ಉಪದೇಶಿಸುವುದು ಸುಲಭ. ಗುತ್ತಿಗೆಯ ಮೇಲೆ ಕಡಿಮೆ ಸಂಬಳಕ್ಕೆ ದುಡಿಯುವ ಹುಡುಗಿಯರು, ಖಾಲಿ ಹುದ್ದೆ ತುಂಬಲು ವಿದ್ಯಾರ್ಥಿಗಳನ್ನೇ ದುಡಿಸಿಕೊಳ್ಳುವ ಆಡಳಿತಗಳು, ಇವೂ ರೋಗದ ಮೂಲಗಳೇ. ಆದರೆ ತೊಡೆಯ ಮೇಲೆ ಹೊಡೆಯಲು, ಮಾತ್ರೆ ಉದುರಿಸಲು, ಮಗು ತೋರಿಸಲು ಹಣ ಕೇಳಲು ನೀರಿನ ಕೊರತೆ ಕಾರಣವಲ್ಲ.

ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬ ಸಿಸ್ಟರ್ ಇದ್ದರು. ಜೇಬಿನಲ್ಲಿ ಸ್ವಂತ ಹಣದ ಸಾಬೂನಿನ ತುಣುಕು ಇಟ್ಟುಕೊಂಡಿರುತ್ತಿದ್ದರು. ನೀರಿಲ್ಲದ ದಿನ ಆಯಾಳ ಜೊತೆ ತಾವೂ ಕೊಡ ಹಿಡಿದು ಕೆಳಗಿನಿಂದ ನೀರು ತರುತ್ತಿದ್ದರು. ಪ್ರತಿ ಮಂಚಕ್ಕೂ ಕೈ ತೊಳೆಯುತ್ತಿದ್ದರು. ಯಾರಿಗೂ ಬುದ್ಧಿ ಹೇಳಲಿಲ್ಲ. ಮೇಲೇಳಲಾರದ ಮುದುಕರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರು. ಅವರ ವಾರ್ಡಿನಲ್ಲಿ ಬೆನ್ನು ಹುಣ್ಣಾದ ರೋಗಿಯನ್ನು ನಾನು ನೋಡಲಿಲ್ಲ. ಮಡಿವಾಳ ಮಾಚಿದೇವರು ಬಟ್ಟೆ ಒಗೆದದ್ದು, ಸತ್ಯಕ್ಕ ಅಂಗಳದ ಕಸ ಗುಡಿಸಿದ್ದು ಕಾಯಕವೆಂದು ನಾವು ಹಾಡಿ ಹೊಗಳುತ್ತೇವೆ. ಮಲಮೂತ್ರ ಬಳಿಯುವ ಆಯಾಳನ್ನು ಮಾತ್ರ ಕೀಳಾಗಿ ಕಾಣುತ್ತೇವೆ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ನನಗೆ ಅರ್ಥವಾದದ್ದು ಪುರಾಣ ಕೇಳಿ ಅಲ್ಲ, ಆ ಸಿಸ್ಟರ್ ಹಿಡಿದ ಕೊಡ ನೋಡಿ. ಅವರು ಯಾವ ಧರ್ಮದವರು ಎಂದು ನಾನು ಕೇಳಿಲ್ಲ, ನೀವೂ ಕೇಳಬೇಡಿ.

ಇನ್ನು ನಮ್ಮ ಪಾಲಿನ ಕೆಲಸ. ನಾಡಿನ ಅನೇಕ ಮಠಗಳು ಆಸ್ಪತ್ರೆ, ನರ್ಸಿಂಗ್ ಶಾಲೆ ನಡೆಸುತ್ತಿವೆ. ಪೂಜ್ಯರಲ್ಲಿ ಮತ್ತು ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ ಇಷ್ಟೆ. ಹೊಸ ಕಟ್ಟಡಕ್ಕೆ ಕಲ್ಲು ಇಡುವ ಮೊದಲು ಇರುವ ವಾರ್ಡುಗಳಲ್ಲಿ ನೀರು, ಸಾಬೂನು, ಕೈ ತೊಳೆಯುವ ತೊಟ್ಟಿ ಇವೆಯೇ ಎಂದು ಮುನ್ಸೂಚನೆ ಕೊಡದೆ ಹೋಗಿ ನೋಡಬೇಕು. ತಪ್ಪು ಕಂಡ ವಿದ್ಯಾರ್ಥಿನಿ ಅಂಜದೆ ಹೇಳಿಕೊಳ್ಳಲು ಒಬ್ಬ ಹಿರಿಯರನ್ನು ನೇಮಿಸಬೇಕು. ಹೇಳಿದವಳಿಗೆ ಪಾಳಿ ಬದಲಿಸಿ, ಅಂಕ ಕಡಿದು ಸೇಡು ತೀರಿಸಿಕೊಳ್ಳದಂತೆ ನೋಡಬೇಕು. ವಿದ್ಯಾರ್ಥಿಗಳನ್ನು ಪುಕ್ಕಟೆ ಆಳುಗಳಂತೆ ದುಡಿಸಬಾರದು. ದಾಸೋಹಕ್ಕೆ ಕಾಣಿಕೆ ಕೊಡುವ ಭಕ್ತರು ಒಂದು ವರ್ಷ ಒಂದು ವಾರ್ಡಿನ ಸಾಬೂನು, ಚಾದರ, ಗ್ಲೌಸುಗಳ ಖರ್ಚು ಹೊರಲಿ. ಅದೂ ದಾಸೋಹವೇ.

ಮನೆಯವರಿಗೂ ಒಂದು ಮಾತು. ರೋಗಿಯನ್ನು ನೋಡಲು ಹತ್ತು ಜನ ಹೋಗಿ ಮಂಚದ ಮೇಲೆ ಕೂಡಬೇಡಿ. ಬಾಣಂತಿಯ ಕೂಸನ್ನು ಕೈಯಿಂದ ಕೈಗೆ ದಾಟಿಸಬೇಡಿ. ಗಾಯ ಕಟ್ಟಲು ಬಂದವರಿಗೆ, "ಕೈ ತೊಳ್ಕೊಂಡ್ರೇನ್ರಿ ಸಿಸ್ಟರ್?" ಎಂದು ಮರ್ಯಾದೆಯಿಂದ ಕೇಳಿ. ಕೇಳುವುದು ಅಪರಾಧವಲ್ಲ. ಹಾಗೆಯೇ ನರ್ಸಿನ ಮೇಲೆ ಕೈ ಎತ್ತುವುದು, ಏಕವಚನದಲ್ಲಿ ಕರೆಯುವುದು ನಮಗೆ ಶೋಭಿಸದು.

ಆ ಹುಡುಗಿಗೆ ಅಂದು ಕೊಡದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ. ಓದು ಬಿಡಬೇಡ ತಾಯಿ. ನಿನ್ನಂಥವರು ಬಿಟ್ಟು ಹೋದರೆ ಆ ವಾರ್ಡಿನಲ್ಲಿ ಕೇಳುವವರು ಯಾರೂ ಉಳಿಯುವುದಿಲ್ಲ. ನಾನು ನಿನ್ನ ವಯಸ್ಸಿನಲ್ಲಿ ಕೇಳಲಿಲ್ಲ, ಹೇಳಿದ ಅಂಕಿ ಬರೆದೆ. ನೀನು ಕೇಳಿದೆ. ಬೈಸಿಕೊಂಡದ್ದು ನಿನ್ನ ಸೋಲಲ್ಲ. ಮುಂದಿನ ವಾರ ನಿಮ್ಮ ಪ್ರಾಂಶುಪಾಲರನ್ನು ಕಾಣಲು ನಾನೂ ನಿನ್ನ ಜೊತೆ ಬರುತ್ತೇನೆ. ಅಲ್ಲಿಯವರೆಗೆ ನಿನ್ನ ಪಾಲಿನ ಮಂಚಗಳಿಗೆ ನೀನು ಕೈ ತೊಳೆದೇ ಹೋಗು.

ಶರಣು ಶರಣಾರ್ಥಿ.