ಪಾರಿಜಾತವೂ ಹೊಸ ರಂಗವೂ

ಸಂಗೀತವೇ ಜೀವಾಳವಾದ ನಾಟಕವನ್ನು ಪಾಶ್ಚಾತ್ಯರು ಆಪೆರಾ ಎನ್ನುವರು. ನಮ್ಮ ಸೀಮೆಯಲ್ಲಿ ಆ ಮನ್ನಣೆಗೆ ಸಲ್ಲತಕ್ಕದ್ದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಈ ಕೃತಿಯನ್ನು ಕುಲಗೋಡ ತಮ್ಮಣ್ಣನು ರಂಗದ ಮೇಲೆ ಬೆಳೆಸಿದನು. ಸ್ತ್ರೀಯರು ರಂಗವೇರಲು ಅಂಜುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮನವರು ಇದರಿಂದಲೇ ಕೀರ್ತಿ ಪಡೆದರು.

ರಾತ್ರಿಯೆಲ್ಲ ನಡೆಯುವ ಈ ಆಟವನ್ನು ಇಂದಿನ ಬಾಲಿಕೆಯರಿಗೆ ಮುಟ್ಟಿಸುವದು ಹೇಗೆ? ದ್ವಾರಕೆಯನ್ನು ಇಂದಿನ ಮನೆಯಾಗಿಸಿ ಎರಡು ತಾಸಿಗೆ ಇಳಿಸಿರೆಂದು ಕೆಲವರು; ಒಂದಕ್ಷರವನ್ನೂ ಕದಲಿಸಬೇಡಿರೆಂದು ಕೆಲವರು. ಹೊಸತಕ್ಕೆ ಬಾಗಿಲನ್ನು ಹಿರಿಯರೇ ಇರಿಸಿದ್ದಾರೆಂದು ನಮ್ಮ ಮತ. ಭಾಗವತನೂ ದೂತಿಯೂ ನಡೆಸುವ ಆಶುಸಂಭಾಷಣೆಯೇ ಆ ಬಾಗಿಲು. ರೋಣದ ಸಂತೆಯ ಧಾರಣೆ, 1980ರಲ್ಲಿ ಬಂಡೆದ್ದ ನರಗುಂದದ ರೈತರ ಅಳಲು, ಗಜೇಂದ್ರಗಡದ ನೇಕಾರರ ಕೂಲಿ, ಎಲ್ಲವೂ ಅಲ್ಲಿ ಸಲ್ಲುವವು. ಉಡಿಗೆತೊಡಿಗೆಗಳನ್ನೂ ಬದಲಿಸಬಹುದು.

ಆದರೆ ಪದಗಳನ್ನು ಧ್ವನಿಮುದ್ರಿಕೆಗೆ ಒಪ್ಪಿಸಿ ತುಟಿಯಾಡಿಸುವದು ಸಲ್ಲದು. ಒಂದು ಹೂವಿಗಾಗಿ ಸತ್ಯಭಾಮೆ ಪಟ್ಟ ಮತ್ಸರವು ವೇಷದಲ್ಲಿಲ್ಲ, ಕಂಠದಲ್ಲಿದೆ. ಆ ಧಾಟಿಗಳು ಬಾಯಿಂದ ಬಾಯಿಗೆ ಬಂದವು. ಬಲ್ಲ ಹಿರಿಯರೊಡನೆ ಅವು ಅಳಿದರೆ ಯಾವ ಹೊಸ ರಂಗವೂ ಅವನ್ನು ಮರಳಿ ತರಲಾರದು. ಆದುದರಿಂದ, ಪಾಲಕರೇ, ಮಾಜೀ ವಿದ್ಯಾರ್ಥಿನಿಯರೇ, ಪರದೆ ದೀಪಗಳಿಗೆ ಹಣ ಕೂಡಿಸುವ ಮೊದಲು ಹಾಡಬಲ್ಲ ಹಿರಿಯರೊಬ್ಬರನ್ನು ಕರೆಯಿಸಿ, ನಮ್ಮ ಬಾಲಿಕೆಯರಿಗೆ ಹತ್ತು ಪದಗಳನ್ನಾದರೂ ಕಲಿಸಿರಿ.