ಚೌಕಾಬಾರ ಕಲಿಸಿದ ಕೋಡಿಂಗ್

ಬಿಸಿಎ ಲ್ಯಾಬ್‌ನ ಪ್ರೋಗ್ರಾಮ್‌ಗಳನ್ನೆಲ್ಲ ಬಾಯಿಪಾಠ ಮಾಡಿಯೇ ಪಾಸಾದೆ. ಮೊದಲ ಸಂದರ್ಶನದಲ್ಲಿ ಒಂದು ಲೂಪ್ ಬರೆಯಲು ಹೇಳಿದಾಗ ಪೆನ್ನು ಓಡಲಿಲ್ಲ.

ಊರಿಗೆ ಬಂದು ಪೈಥಾನ್‌ನಲ್ಲಿ ಚೌಕಾಬಾರ ಆಟ ಮಾಡಲು ಕೂತೆ. 1, 2, 3, 4, 8ರಲ್ಲಿ ಯಾವುದಾದರೂ ಒಂದನ್ನು ಕಂಪ್ಯೂಟರ್ ಆರಿಸಲಿ ಎಂದು ಬರೆದೆ. ಆಡಿ ನೋಡಿದ ಅಮ್ಮ, ‘ಕವಡೆ ಹಾಕಿದ್ರೆ ಇಷ್ಟೊಂದು ಸಲ ಎಂಟು ಬೀಳುತ್ತೇನೋ?’ ಎಂದರು. ಹೌದಲ್ಲ! ನನ್ನ ಕೋಡ್‌ನಲ್ಲಿ ಎಂಟು ಐದಕ್ಕೊಂದು ಸಲ ಬೀಳುತ್ತಿತ್ತು. ನಾಲ್ಕು ಕವಡೆಗಳೂ ಒಂದೊಂದಾಗಿ ಅಂಗಾತವೋ ಬೋರಲೋ ಬೀಳುವಂತೆ ಲೂಪ್ ಬರೆದೆ. ಆಗ ಎಂಟು ಹದಿನಾರಕ್ಕೊಂದಾಯಿತು. ಲೂಪ್ ಏಕೆ ಬೇಕೆಂದು ಅಂದು ಅರ್ಥವಾಯಿತು.

ಗೆಳೆಯರೇ, ಕೋಚಿಂಗ್‌ಗೆ ಹಣ ಕಟ್ಟುವ ಮುನ್ನ ನಿಮಗೆ ಗೊತ್ತಿರುವ ಒಂದು ಆಟವನ್ನು ಕೋಡ್ ಮಾಡಿ ನೋಡಿ. ಆಟದಲ್ಲಿ ತಪ್ಪು ಅಲ್ಲೇ ಗೊತ್ತಾಗುತ್ತದೆ. ಬಾಯಿಪಾಠದ ತಪ್ಪು ಗೊತ್ತಾಗುವುದು ಸಂದರ್ಶನದಲ್ಲೇ.