ವೃಷಭಾವತಿ ದಂಡೆಗೆ ಹಿರಿಯರ ಸೈಕಲ್ ದಾರಿ: ರಿಯಾದಿನಿಂದ ಒಂದು ಮನವಿ

ಇವರಿಗೆ,
ಅಪರ ಮುಖ್ಯ ಕಾರ್ಯದರ್ಶಿಗಳು,
ನಗರಾಭಿವೃದ್ಧಿ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು
(ಅನಿವಾಸಿ ಭಾರತೀಯ ಸಮಿತಿ, ಕರ್ನಾಟಕ, ಇವರ ಮೂಲಕ)

ಇವರಿಂದ,
ರಿಯಾದಿನಲ್ಲಿ ನೆಲೆಸಿರುವ ಕೆಂಗೇರಿಯ ದಂಪತಿ

ವಿಷಯ: ಬೆಂಗಳೂರಿನ ವೃಷಭಾವತಿ ಹೊಳೆಯ ನೀರನ್ನು ಮೊದಲು ಶುದ್ಧಗೊಳಿಸಿ, ಆ ಬಳಿಕ ನಾಯಂಡಹಳ್ಳಿ–ಕೆಂಗೇರಿ ನಡುವಿನ ದಂಡೆಯಲ್ಲಿ ಹಿರಿಯರೂ ಬಳಸಬಹುದಾದ ಸೈಕಲ್ ದಾರಿ ಒದಗಿಸುವ ಬಗ್ಗೆ.

ಮಾನ್ಯರೇ,

ಸೌದಿ ಅರೇಬಿಯಾದ ರಾಜಧಾನಿಯಲ್ಲಿ ದುಡಿದು, ಇನ್ನು ಕೆಲವೇ ಸಮಯದಲ್ಲಿ ನಿವೃತ್ತರಾಗಿ ಊರಿಗೆ ಮರಳಲಿರುವ ದಂಪತಿ ನಾವು. ಶುಕ್ರವಾರ ವಾರದ ರಜೆ. ಅಂದು ಬೆಳಗಿನ ಜಾವ ವಾದಿ ಹನೀಫಾ ಕಣಿವೆಯಲ್ಲಿ ನಿಧಾನಕ್ಕೆ ಸೈಕಲ್ ತುಳಿಯುವುದು ನಮ್ಮ ರೂಢಿ. ಇಬ್ಬರಿಗೂ ಮಂಡಿನೋವು. ನಡೆಯುವುದಕ್ಕಿಂತ ತುಳಿಯುವುದೇ ಸಲೀಸು. ಈ ಸೌಕರ್ಯವನ್ನು ಊರಿನಲ್ಲೂ ಕೊಡಿ ಎಂದು ಕೇಳುವ ಮೊದಲು, ಇಲ್ಲಿ ಅದು ಹೇಗೆ ಕೈಗೂಡಿತು ಎಂಬುದನ್ನು ತಮ್ಮ ಗಮನಕ್ಕೆ ತರಬೇಕು. ನಮ್ಮ ಬೇಡಿಕೆಯ ತಿರುಳು ಅದರಲ್ಲೇ ಇದೆ.

ವಾದಿ ಎಂದರೆ ಮಳೆ ಬಂದಾಗ ಹರಿದು, ಉಳಿದ ಕಾಲ ಒಣಗಿರುವ ಮರುಭೂಮಿಯ ಹೊಳೆ. ವಾದಿ ಹನೀಫಾ ತುವೈಕ್ ಬೆಟ್ಟಸಾಲಿನಿಂದ ಇಳಿದು, ದಿರಿಯಾದ ಹಳೆಯ ಮಣ್ಣಿನ ಕೋಟೆಯ ಮಗ್ಗುಲಲ್ಲಿ ಹಾದು, ರಿಯಾದಿನ ಪಶ್ಚಿಮದ ಅಂಚನ್ನು ಬಳಸಿ ಸುಮಾರು 120 ಕಿಲೋಮೀಟರ್ ಸಾಗುತ್ತದೆ. ಎಣ್ಣೆಯ ದುಡ್ಡಿನಿಂದ ನಗರ ದಿಢೀರನೆ ಬೆಳೆದ ದಶಕಗಳಲ್ಲಿ ಈ ಕಣಿವೆಗೆ ಬಂದ ಗತಿ ನಮ್ಮವರಿಗೆ ಹೊಸದಲ್ಲ. ಕಟ್ಟಡ ಕಟ್ಟಲು ಇಲ್ಲಿಂದ ಮರಳು, ಜಲ್ಲಿ ತೋಡಿದರು. ಹಳೆಯದನ್ನು ಕೆಡವಿದ ಅವಶೇಷವನ್ನು ಇಲ್ಲಿಗೇ ತಂದು ಸುರಿದರು. ಅದರ ಮೇಲೆ ಕೊಳಚೆ ಹರಿಯಿತು.

ಆ ನೀರು ಬಂದದ್ದೆಲ್ಲಿಂದ ಎಂಬುದು ಬೆಂಗಳೂರಿನವರು ಕೇಳಬೇಕಾದ ಸಂಗತಿ. ರಿಯಾದ್ ಕುಡಿಯುವುದು ಬಹುಪಾಲು ಸಮುದ್ರದ ನೀರನ್ನು. ಪರ್ಷಿಯನ್ ಕೊಲ್ಲಿಯ ದಡದ ಜುಬೈಲ್‌ನಲ್ಲಿ ಉಪ್ಪು ತೆಗೆದು, ಸುಮಾರು 400 ಕಿಲೋಮೀಟರ್ ದೂರಕ್ಕೆ, 600 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುತ್ತಾರೆ. ಮನೆಗಳಲ್ಲಿ ಬಳಸಿದ ನೀರು ನೆಲಕ್ಕಿಳಿದು, ಚರಂಡಿಗೆ ಬಿದ್ದು, ಒಣಹೊಳೆಯನ್ನು ವರ್ಷವಿಡೀ ಹರಿಯುವ ಹೊಳೆಯಾಗಿಸಿತು. ಬೆಂಗಳೂರಿನಲ್ಲಿ ನಾವು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಮೇಲೆತ್ತಿ ಬಳಸಿ, ವೃಷಭಾವತಿಗೆ ಬಿಡುತ್ತೇವೆ. ಅದು ಬೈರಮಂಗಲದ ಮೂಲಕ ಅರ್ಕಾವತಿ ಸೇರಿ, ಸಂಗಮದಲ್ಲಿ ಪುನಃ ಕಾವೇರಿಗೇ ಮುಟ್ಟುತ್ತದೆ. ಎರಡೂ ನಗರಗಳ ಹೊಳೆಗಳಲ್ಲಿ ಬೇಸಿಗೆಯಲ್ಲಿ ಹರಿಯುವುದು ನಾಗರಿಕರೇ ಬಳಸಿ ಚೆಲ್ಲಿದ ನೀರು.

2000ರ ದಶಕದಲ್ಲಿ ಅಂದಿನ ರಿಯಾದ್ ಅಭಿವೃದ್ಧಿ ಪ್ರಾಧಿಕಾರ ಕಣಿವೆಯ ದುರಸ್ತಿಗೆ ಇಳಿಯಿತು. ಅದು ಮೊದಲು ಹಾಕಿದ್ದು ಬಣ್ಣದ ಟೈಲ್ಸನ್ನಲ್ಲ. ಅವಶೇಷ ತೆಗೆಸಿ, ನೆರೆ ಸರಾಗವಾಗಿ ಹೋಗುವಂತೆ ಪಾತ್ರವನ್ನು ಸರಿಪಡಿಸಿತು. ಆಮೇಲೆ ನೀರಿಗೆ ಕೈ ಹಾಕಿತು. ಕಲ್ಲಿನ ಸಣ್ಣ ಒಡ್ಡುಗಳ ಮೇಲೆ ನೀರು ಧುಮುಕಿ ಗಾಳಿ ಬೆರೆಸಿಕೊಳ್ಳುತ್ತದೆ. ಮುಂದೆ ಸಾಲಾಗಿ ಕಟ್ಟಿದ ಕೊಳಗಳಲ್ಲಿ ಪಾಚಿ, ಸೂಕ್ಷ್ಮಜೀವಿಗಳು, ನಮ್ಮ ಕೆರೆಗಳಲ್ಲಿ ಜಿಲೇಬಿ ಎಂದು ಕರೆಯುವ ತಿಲಾಪಿಯಾ ಮೀನು, ಇವೇ ಅದನ್ನು ತಿಳಿಗೊಳಿಸುತ್ತವೆ. ಹೀಗೆ ತಿಳಿಯಾದ ನೀರು ಗಿಡಮರಗಳಿಗೂ ಹೊಲಗಳಿಗೂ ಹೋಗುತ್ತದೆ. ಈ ಕೆಲಸಕ್ಕೆ 2010ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಸಂದಿತು. ಸುಣ್ಣಕಲ್ಲಿನ ಚಪ್ಪಡಿಗಳ ಮರೆಯಲ್ಲಿ ಕುಟುಂಬಗಳು ಚಾಪೆ ಹಾಸಿ ಕೂರುವ ಜಾಗಗಳು, ಖರ್ಜೂರದ ಮರಗಳು, ಕಾಲುದಾರಿ ಬಂದದ್ದು ಈ ಶುದ್ಧೀಕರಣದ ಜೊತೆಗೇ ಹೊರತು ಅದಕ್ಕೆ ಬದಲಾಗಿ ಅಲ್ಲ.

ಸೈಕಲ್ ದಾರಿಯ ಸರದಿ ಬಂದದ್ದು ಆಮೇಲೆ. 2019ರ ಮಾರ್ಚಿನಲ್ಲಿ ಘೋಷಣೆಯಾದ, ಸೈಕಲ್ ದಾರಿಗಳಿರುವ ಸ್ಪೋರ್ಟ್ಸ್ ಬೂಲೆವಾರ್ಡ್ ಯೋಜನೆ ಈ ಕಣಿವೆಯನ್ನು ಪೂರ್ವದ ವಾದಿ ಅಲ್ ಸುಲೈಗೆ ಜೋಡಿಸುವಂಥದ್ದು. ಉದ್ದ 135 ಕಿಲೋಮೀಟರಿಗೂ ಹೆಚ್ಚು. ಅದರ ಮೊದಲ ಹಂತ 2025ರ ಫೆಬ್ರುವರಿಯಲ್ಲಿ ತೆರೆಯಿತು, ವಾದಿ ಹನೀಫಾದ ಭಾಗವೂ ಅದರಲ್ಲಿ ಸೇರಿದೆ. ಕೊಳಚೆ ನಾರುತ್ತಿದ್ದ ಕಾಲದಲ್ಲೇ ಈ ದಾರಿ ಹಾಕಿದ್ದರೆ ಯಾರು ಬರುತ್ತಿದ್ದರು?

ಇನ್ನೊಂದು ಮಾತನ್ನೂ ಹೇಳಬೇಕು. 2013ರವರೆಗೆ ಈ ದೇಶದಲ್ಲಿ ಹೆಂಗಸರು ಬಹಿರಂಗವಾಗಿ ಸೈಕಲ್ ತುಳಿಯುವಂತಿರಲಿಲ್ಲ. ಆ ವರ್ಷ ಸಿಕ್ಕ ಅನುಮತಿಯೂ ಉದ್ಯಾನದಂಥ ಜಾಗಗಳಿಗೆ ಸೀಮಿತವಾಗಿತ್ತು, ಜೊತೆಗೆ ಮನೆಯ ಗಂಡಸು ಇರಲೇಬೇಕಿತ್ತು. ಇಂದು ಅದೇ ಊರಿನಲ್ಲಿ ಹುಡುಗಿಯರ ಗುಂಪುಗಳು ನಮ್ಮನ್ನು ಹಿಂದೆ ಹಾಕಿ ಮುಂದೆ ಹೋಗುತ್ತವೆ. ಅಂಥ ಯಾವ ನಿಷೇಧವೂ ಇಲ್ಲದ ಬೆಂಗಳೂರಿನಲ್ಲಿ, ಅರವತ್ತು ದಾಟಿದ ಹೆಂಗಸು ಮೈಸೂರು ರಸ್ತೆಯಲ್ಲಿ ಸೈಕಲ್ ಹತ್ತುವುದನ್ನು ಊಹಿಸಿಕೊಳ್ಳುವುದೇ ಕಷ್ಟ.

ಸೌದಿ ಎಂದರೆ ಅರಸೊತ್ತಿಗೆ, ಅಲ್ಲಿ ದುಡ್ಡಿಗೆ ಬರವಿಲ್ಲ ಎಂಬ ಉತ್ತರ ಬರಬಹುದು. ಕಲ್ಲು, ಪಾಚಿ, ಮೀನಿಗೆ ಅರಸರು ಬೇಕಿಲ್ಲ. ರಿಯಾದಿನಲ್ಲಿದ್ದದ್ದು, ಬೆಂಗಳೂರಿಗೆ ಬೇಕಾದದ್ದು ಎಂದರೆ ಇಡೀ ಕಣಿವೆಗೆ ಹೊಣೆಯಾಗುವ ಒಂದೇ ಕಚೇರಿ. ಕೋರಮಂಗಲ ಕಣಿವೆಯ ರಾಜಕಾಲುವೆಯನ್ನು ಶುದ್ಧಗೊಳಿಸುವ ಕೆ-100 ಯೋಜನೆ ಕೈಗೆತ್ತಿಕೊಂಡ ನಗರಕ್ಕೆ ಇದು ತೀರಾ ಅಪರಿಚಿತ ವಿದ್ಯೆಯೂ ಅಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು.

ಮೊದಲನೆಯದಾಗಿ, ವೃಷಭಾವತಿಗೆ ಸೇರುವ ಒಂದೊಂದು ಕಾಲುವೆಯ ಕೊಳಚೆಯೂ ಸಂಸ್ಕರಣೆಯಾದ ಮೇಲೆಯೇ ಹೊಳೆಗೆ ಬೀಳಬೇಕು. ಕಾರ್ಖಾನೆಗಳ ತ್ಯಾಜ್ಯನೀರಿಗೆ ಪ್ರತ್ಯೇಕ ವ್ಯವಸ್ಥೆ ಕಡ್ಡಾಯವಾಗಲಿ. ಮೀನು, ಪಾಚಿ ಮನೆಯ ಕೊಳಚೆಯನ್ನು ಅರಗಿಸಿಕೊಂಡಾವು, ಲೋಹ ಮತ್ತು ಬಣ್ಣದ ರಾಸಾಯನಿಕಗಳನ್ನಲ್ಲ. ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳು ದಂಡೆಯಲ್ಲೇ ಕನ್ನಡದ ಫಲಕದಲ್ಲಿ ಬರೆಯಿಸಬೇಕು. ಫಲಿತಾಂಶ ಸುಧಾರಿಸುವವರೆಗೆ ಸೌಂದರ್ಯೀಕರಣದ ಹೆಸರಿನಲ್ಲಿ ಯಾವ ಟೆಂಡರನ್ನೂ ಕರೆಯಬಾರದು. ಉಳಿದ ಬೇಡಿಕೆಗಳನ್ನು ತಡಮಾಡಿದರೂ ಸರಿ, ಇದೊಂದನ್ನು ಬಿಡಬೇಡಿ.

ಎರಡನೆಯದಾಗಿ, ಜಲಮಂಡಳಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಮಾಲಿನ್ಯ ನಿಯಂತ್ರಣ ಮಂಡಳಿ ಮೂರನ್ನೂ ಒಂದು ಸಮಿತಿಯಲ್ಲಿ ಕೂಡಿಸಿ, ಈ ಕಣಿವೆಗೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಆ ಸಮಿತಿಯಲ್ಲಿ ಹಿರಿಯ ನಾಗರಿಕರೊಬ್ಬರು, ದಂಡೆಯಲ್ಲಿ ವಾಸಿಸುವ ಮಹಿಳೆಯೊಬ್ಬರು ಇರಲಿ.

ದಾರಿಯ ವಿಷಯಕ್ಕೆ ಬಂದರೆ, ಮೆಟ್ರೊ ನೇರಳೆ ಮಾರ್ಗಕ್ಕೆ ಹತ್ತಿರವಿರುವ ನಾಯಂಡಹಳ್ಳಿ–ಕೆಂಗೇರಿ ಭಾಗದಲ್ಲಿ ಪ್ರಯೋಗಕ್ಕೆಂದು ಒಂದು ತುಂಡು ಮಾಡಿದರೆ ಸಾಕು. ಮೆಟ್ಟಿಲು ಬೇಡ, ಇಳಿಜಾರು ಹಗುರವಿರಲಿ. ಮೂರು ಗಾಲಿಯ ಸೈಕಲ್ ಹಾದುಹೋಗುವಷ್ಟು ತೆರಪಿರಲಿ, ಆದರೆ ಬೈಕ್‌ಗಳಿಗೆ ಪ್ರವೇಶ ಇರಬಾರದು. ನಡೆಯುವವರಿಗೆ ಬೇರೆ ಪಟ್ಟಿ ಬೇಕು. ಬೆನ್ನೊರಗುವ ಬೆಂಚು, ನೆರಳು, ಕುಡಿಯುವ ನೀರು, ಬೀಗ ಹಾಕದ ಶೌಚಾಲಯ. ವಯಸ್ಸಾದವರು ಮನೆಯಿಂದ ಎಷ್ಟು ದೂರ ಹೋಗುತ್ತಾರೆ ಎಂಬುದನ್ನು ನಿರ್ಧರಿಸುವುದು ಕಾಲಿನ ಶಕ್ತಿಗಿಂತ ಶೌಚಾಲಯವೇ.

ಈ ದಾರಿಯ ನೆಪದಲ್ಲಿ ದಂಡೆಯ ಬಡವರ ಮನೆಗಳನ್ನು ಕೆಡವಕೂಡದು. ನಮ್ಮ ಸಂಜೆಯ ಸವಾರಿಗಾಗಿ ಇನ್ನೊಬ್ಬರು ಸೂರು ಕಳೆದುಕೊಳ್ಳುವುದಾದರೆ ಆ ದಾರಿ ನಮಗೆ ಬೇಡ. ಸ್ಥಳಾಂತರ ಅನಿವಾರ್ಯವಾದ ಕಡೆ ಮೊದಲು ಮನೆ ಕೊಟ್ಟು ಆಮೇಲೆ ತೆರವು ಮಾಡಿಸಿ.

ಈ ಮನವಿಯನ್ನು ಪರಿಶೀಲಿಸಿ, ಇಲಾಖೆ ಕೈಗೊಳ್ಳುವ ತೀರ್ಮಾನ ಏನೇ ಇರಲಿ, ಅದನ್ನು ಕನ್ನಡದಲ್ಲಿ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
(ದಂಪತಿಯ ಸಹಿ)
ಸ್ಥಳ: ರಿಯಾದ್, ಸೌದಿ ಅರೇಬಿಯಾ

ಪ್ರತಿ: ಅಧ್ಯಕ್ಷರು, ಬೆಂಗಳೂರು ಜಲಮಂಡಳಿ; ಮುಖ್ಯ ಆಯುಕ್ತರು, ಗ್ರೇಟರ್ ಬೆಂಗಳೂರು ಪ್ರಾಧಿಕಾರ